ಹಿತ್ತಲ ಜೇಡ ಕಲಿಸಿದ ಪಾಠ

ಸೋಮನಹಳ್ಳಿಯ ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಬಲೆ ಹೆಣೆದಿದ್ದ ಜೇಡಕ್ಕೆ ನಾಲ್ಕೇ ಕಾಲುಗಳೆಂದು ನಾನು ಬಹುದಿನ ನಂಬಿದ್ದೆನು. ಸಮೀಪದಿಂದ ಛಾಯಾಚಿತ್ರ ತೆಗೆದಾಗ ನಿಜ ತಿಳಿಯಿತು: ಅದು ತನ್ನ ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಚಾಚಿಕೊಂಡಿತ್ತು. ಕ್ಯಾಮರಾ ನನ್ನ ಅಜ್ಞಾನವನ್ನು ಕಳೆಯಿತು. ಆದರೆ ಆಸೆಯನ್ನು ಬೆಳೆಸಿತು. ಮರುದಿನ ಹೆಚ್ಚು ಬೆಳಕು ಬೀಳಲೆಂದು ಅಡ್ಡವಿದ್ದ ರೆಂಬೆಯನ್ನು ಸರಿಸಿದೆನು, ಬಲೆ ಹರಿಯಿತು.

ಕೀಟಗಳು ಅಲುಗದಿರಲೆಂದು ಅವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸಿ ಚಿತ್ರ ತೆಗೆಯುವವರೂ ಉಂಟು. ಅಂಥ ಚಿತ್ರ ರೂಪವನ್ನು ತೋರಿಸೀತು, ಬಾಳನ್ನು ತೋರಿಸಲಾರದು. ಹಕ್ಕಿಗಳ ಚಿತ್ರಕ್ಕಾಗಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು. ಹಿತ್ತಲಿನ ಹುಳಕ್ಕೂ ಆ ತಾಳ್ಮೆ ಸಲ್ಲಬೇಕು. ವಿದ್ಯಾರ್ಥಿಗಳು ಕ್ಯಾಮರಾ ಹಿಡಿಯುವ ಮೊದಲು ಕಾಯುವುದನ್ನು ಕಲಿಯಲಿ. ಆ ಪಾಠ ಕಲಿತವನು ನಾನು. ಬೆಲೆ ತೆತ್ತದ್ದು ಜೇಡ.