ದುಡ್ಡು ಪಾಲಿಶ್‌ಗೆ, ಕೈಗಲ್ಲ

ಮನಿಲಾ ಪಕ್ಕದ ಲಾಸ್ ಪಿನ್ಯಾಸ್ ಚರ್ಚಿನಲ್ಲಿ ಬಿದಿರಿನ ಆರ್ಗನ್ ಒಂದಿದೆ. 1,031 ಕೊಳವೆಗಳಲ್ಲಿ 902 ಬಿದಿರಿನವು. ಹುಬ್ಬಳ್ಳಿಯಲ್ಲಿ ಹಾರ್ಮೋನಿಯಂ ಪೇಟಿ ರಿಪೇರಿ ಮಾಡಿಕೊಂಡಿರುವ ನನಗೆ ಅದರ ಸಂಗೀತಕ್ಕಿಂತ ರಿಪೇರಿಯ ಕಥೆಯೇ ಹೆಚ್ಚು ಹಿಡಿಸಿದೆ.

ಕಟ್ಟಿದವರು ಸ್ಪೇನ್‌ನಿಂದ ಬಂದ ಪಾದ್ರಿ ಡಿಯೆಗೊ ಸೆರಾ. 1816ರಲ್ಲಿ ಬಿದಿರು ಕಡಿಸಿ, ಹುಳ ಹಿಡಿಯದಿರಲೆಂದು ಕಡಲದಂಡೆಯ ಮರಳಲ್ಲಿ ತಿಂಗಳುಗಟ್ಟಲೆ ಹೂತಿಟ್ಟರು. ಎಂಥ ತಾಳ್ಮೆ! ಕಹಳೆಯ ದನಿಗೆ ಮಾತ್ರ ಲೋಹವೇ ಬೇಕಾಯಿತು. 1824ಕ್ಕೆ ಕೆಲಸ ಮುಗಿಯಿತು. ಆಮೇಲೆ ಭೂಕಂಪ, ಚಂಡಮಾರುತ ಅಂತ ವಾದ್ಯ ಪೆಟ್ಟು ತಿನ್ನುತ್ತಲೇ ಬಂತು.

1973ರಲ್ಲಿ ಅದನ್ನು ಬಿಚ್ಚಿ ದುರಸ್ತಿಗೆ ಹೊರದೇಶಕ್ಕೆ ಕಳಿಸಿದರು. ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಖಾನೆಯವರು, ಒಣ ಹವೆಗೆ ಬಿದಿರು ಸೀಳಿಹೋಗಬಾರದೆಂದು ಫಿಲಿಪೈನ್ಸ್‌ನಷ್ಟೇ ಸೆಕೆ, ತೇವ ಇರುವ ಕೋಣೆಯನ್ನೇ ಸಿದ್ಧಮಾಡಿದರು. 1975ರಲ್ಲಿ ಆರ್ಗನ್ ಊರಿಗೆ ಮರಳಿತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಫಿಲಿಪೈನ್ಸ್‌ನ ಯುವಕರು ಯುರೋಪಿನಲ್ಲಿ ಆರ್ಗನ್ ಕಟ್ಟುವುದನ್ನು ಕಲಿತು ಬಂದು, 1994ರಲ್ಲಿ ಲಾಸ್ ಪಿನ್ಯಾಸ್‌ನಲ್ಲೇ ಆ ಪಾದ್ರಿಯ ಹೆಸರಿನಲ್ಲಿ ಕಾರ್ಖಾನೆ ತೆರೆದರು. 2003-04ರಲ್ಲಿ ಮತ್ತೆ ದೊಡ್ಡ ರಿಪೇರಿ ಬಂದಾಗ ವಾದ್ಯ ದೇಶ ಬಿಡಲಿಲ್ಲ, ಇವರೇ ಸರಿಮಾಡಿದರು.

ನಮ್ಮಲ್ಲಿ ನಾಟಕ ಕಂಪನಿಗಳ ಕಾಲದ, ಕಾಲಲ್ಲಿ ಗಾಳಿ ಒತ್ತುವ ಲೆಗ್ ಹಾರ್ಮೋನಿಯಂ ಎಲ್ಲಾದರೂ ಸಿಕ್ಕು, ದುಡ್ಡು ಮಂಜೂರಾಯಿತು ಅನ್ನಿ. ಪಾಲಿಶ್ ಆಗುತ್ತದೆ, ಗಾಜಿನ ಕಪಾಟು ಬರುತ್ತದೆ, ರಿಬ್ಬನ್ ಕತ್ತರಿಸುತ್ತಾರೆ. ಒಳಗಿನ ರೀಡುಗಳು ಕಿಲುಬು ಹಿಡಿದು ಹಾಗೇ ಮಲಗಿರುತ್ತವೆ. ರೀಡಿನ ಹಿತ್ತಾಳೆ ನಾಲಗೆಯ ತುದಿಯನ್ನು ಒಂಚೂರು ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಎಷ್ಟು ಕೆರೆಯಬೇಕೆಂದು ಬೆರಳಿಗೆ, ಕಿವಿಗೆ ತಿಳಿಯಲು ವರ್ಷಗಳು ಬೇಕು. ಅಲ್ಲಿಯತನಕ ಕಲಿಯುವ ಹುಡುಗನ ಹೊಟ್ಟೆಪಾಡು ನೋಡುವವರಾರು? ನನ್ನ ಹತ್ತಿರ ಬಂದವರೆಲ್ಲ ಮೊಬೈಲ್ ಅಂಗಡಿ ಸೇರಿದರು. ನಾನೇನೂ ಬೇಸರ ಮಾಡಿಕೊಂಡಿಲ್ಲ, ಅಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ.

ಹಾಗಾಗಿ ಸರ್ಕಾರವಾಗಲಿ, ಟ್ರಸ್ಟ್ ಆಗಲಿ, ಹಳೆಯ ವಾದ್ಯದ ದುರಸ್ತಿಗೆ ದುಡ್ಡು ಕೊಡುವಾಗ ಒಂದು ಷರತ್ತು ಹಾಕಲಿ: ಅದರಲ್ಲಿ ಒಂದು ಪಾಲು, ಕೆಲಸ ಕಲಿಯುವ ಹುಡುಗನಿಗೋ ಹುಡುಗಿಗೋ ತಿಂಗಳ ಸ್ಟೈಪೆಂಡ್ ಆಗಿ ಹೋಗಬೇಕು. ಬೇಕಾದರೆ ಗಾಜಿನ ಕಪಾಟು ಮುಂದಿನ ವರ್ಷ ಮಾಡಿಸಿದರಾಯಿತು.