ವರದಿ ಬಂತು, ಹಾಸಿಗೆ ಎಲ್ಲಿ?

ಮೂಗಿನ ಹೊಳ್ಳೆಯಲ್ಲಿ ಹತ್ತಿಯ ಕಡ್ಡಿ ಆಡಿಸಿದರೆ ಸಾಕು, ಒಂದೆರಡು ತಾಸಿನಲ್ಲಿ ಉತ್ತರ ಹೇಳುವ ಯಂತ್ರ. ಯಾವ ಆಸ್ಪತ್ರೆಗೆ ಆಸೆಯಾಗದು? ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗೊಡ್ಡಿದ ಪಿಸಿಆರ್ ತಂತ್ರವೇ ಇದು. ಇಲ್ಲಿ ಹುಡುಕುವುದು ಎಂಆರ್‌ಎಸ್‌ಎ ಎಂಬ ಮೊಂಡು ಬ್ಯಾಕ್ಟೀರಿಯಾವನ್ನು. ಪೆನಿಸಿಲಿನ್ ವಂಶದ ಬಹುತೇಕ ಔಷಧಿಗಳಿಗೆ ಅದು ಜಗ್ಗದಂತೆ ಮಾಡುವ ಮೆಕ್-ಎ ಜೀನನ್ನು. ತಟ್ಟೆಯಲ್ಲಿ ಬೆಳೆಸಿ ನೋಡುವ ಹಳೆಯ ಪದ್ಧತಿಗೆ ಎರಡು ಮೂರು ದಿನ ಬೇಕು. ಅಷ್ಟರಲ್ಲಿ, ತಾನು ಬ್ಯಾಕ್ಟೀರಿಯಾ ಹೊತ್ತು ತಂದಿದ್ದೇನೆಂದೇ ಅರಿಯದ ರೋಗಿಯಿಂದ ಅದು ಪಕ್ಕದ ಮಂಚಕ್ಕೆ ದಾಟಿರುತ್ತದೆ.

ಹಾಗಾದರೆ ಬೇಗ ಹಿಡಿದರೆ ಸೋಂಕು ಇಳಿಯಬೇಕಲ್ಲ? ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಯ 12 ವಾರ್ಡುಗಳಲ್ಲಿ ಇದನ್ನೇ ಒರೆಗೆ ಹಚ್ಚಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಪರೀಕ್ಷೆ ನಡೆದ ಅವಧಿಯಲ್ಲಿ ಆಸ್ಪತ್ರೆಯಲ್ಲೇ ಎಂಆರ್‌ಎಸ್‌ಎ ಸೋಂಕು ತಗುಲಿದವರು 93, ನಡೆಯದ ಅವಧಿಯಲ್ಲಿ 76. ಇಳಿದಿರಲಿಲ್ಲ. ಆ 93 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದಾಖಲಾದಾಗ ಶುದ್ಧರಾಗಿದ್ದವರು. ಬಾಗಿಲಲ್ಲಿ ಎಷ್ಟು ಜರಡಿ ಹಿಡಿದರೂ ಅವರು ಸಿಗುತ್ತಿರಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ರೋಗಿ ಬಂದು ಸೇರಿದಾಗಿನಿಂದ ವರದಿ ಕೈಸೇರಲು ಅಲ್ಲಿ ಹಿಡಿದದ್ದು ಸುಮಾರು 22.5 ತಾಸು! ಸ್ವಿಟ್ಜರ್ಲೆಂಡಿನಲ್ಲೇ ಹೀಗೆ. ಯಂತ್ರ ಓಡಿದರೂ ಮಾದರಿಯನ್ನು ಒಯ್ಯುವ ಕಾಲುಗಳು ಮನುಷ್ಯರವೇ.

ಅಮೆರಿಕದವರು ಹುಡುಕಾಟವನ್ನೇ ಕೈಬಿಟ್ಟು ನೋಡಿದರು. 74 ತೀವ್ರ ನಿಗಾ ಘಟಕಗಳ ಅಧ್ಯಯನದಲ್ಲಿ, ಯಾರನ್ನೂ ಪರೀಕ್ಷಿಸದೆ ಎಲ್ಲರ ಮೈಯನ್ನೂ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಒರೆಸಿ, ಮೂಗಿಗೆ ಮುಪಿರೋಸಿನ್ ಮುಲಾಮು ಹಚ್ಚಿದ ಕಡೆ ರಕ್ತದ ಸೋಂಕು 44%ರಷ್ಟು ತಗ್ಗಿತು. 2013ರ ಮಾತು. ಎಲ್ಲರಿಗೂ ಹಚ್ಚುತ್ತಾ ಹೋದರೆ ಆ ಮುಲಾಮಿಗೂ ಬ್ಯಾಕ್ಟೀರಿಯಾ ಪಳಗದೇ ಇದ್ದೀತೇ ಎಂಬ ಅಳುಕು ನನಗಿದೆ.

ನಮ್ಮ ತಲೆನೋವು ಬೇರೆ. ದೆಹಲಿಯ ಹೆಸರನ್ನೇ ಅಂಟಿಸಿಕೊಂಡ, ಔಷಧಿಗೆ ಜಗ್ಗದಂತೆ ಮಾಡುವ ಎನ್‌ಡಿಎಂ ಜೀನನ್ನು ಹೊತ್ತ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಕೂರುವುದು ಕರುಳಿನಲ್ಲಿ. ಮುಲಾಮು ಹಚ್ಚಿ ಓಡಿಸುವಂತಿಲ್ಲ. ರೋಗಿಯನ್ನು ಪ್ರತ್ಯೇಕಿಸಬೇಕು, ಮುಟ್ಟಿದವರು ಕೈ ತೊಳೆಯಬೇಕು. ಹಾಗಾಗಿ ಕ್ಷಿಪ್ರ ಪರೀಕ್ಷೆಯ ಬೆಲೆ ಇಲ್ಲಿ ಹೆಚ್ಚೇ ಎನ್ನುತ್ತೇನೆ, ಖಾಲಿ ಕೋಣೆಯೊಂದು ಇದ್ದರೆ. ಮಂಚದ ಕೆಳಗೆ ರೋಗಿಯ ಕಡೆಯವರು ಮಲಗುವ ಜನರಲ್ ವಾರ್ಡಿನಲ್ಲಿ ರಾತ್ರಿ ಹನ್ನೊಂದಕ್ಕೆ ‘ಪಾಸಿಟಿವ್’ ಎಂದು ಬಂದರೆ ಪಾಳಿಯ ನರ್ಸ್ ಏನು ಮಾಡಬೇಕು? ಯಂತ್ರಕ್ಕೆ ಟೆಂಡರ್ ಕರೆಯುವವರು ಆ ಕಡತದಲ್ಲೇ ಎರಡು ಪ್ರತ್ಯೇಕ ಕೋಣೆ, ರಾತ್ರಿಗೊಬ್ಬ ಹೆಚ್ಚುವರಿ ನರ್ಸ್ ಎಂದೂ ಬರೆಯಲಿ.