ಹೆಡ್‌ಫೋನ್ ಹಾಕಿದರೆ ಕಿವಿ ಕೇಳಿಸದಂತಾಗುತ್ತದೆಯೇ?

2024ರ ಜೂನ್‌ನಲ್ಲಿ ಹಿನ್ನೆಲೆ ಗಾಯಕಿ ಅಲ್ಕಾ ಯಾಗ್ನಿಕ್ ತಮಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸದಂತಾಗಿದೆ ಎಂದು ಇನ್‌ಸ್ಟಾಗ್ರಾಂನಲ್ಲಿ ಬರೆದುಕೊಂಡರು. ಈ ಸುದ್ದಿ ‘ಹೆಡ್‌ಫೋನ್ ಹಾಕಿದರೆ ಕಿವುಡು ಗ್ಯಾರಂಟಿ’ ಎಂಬ ಧಾಟಿಯಲ್ಲೂ ಹರಿದಾಡಿತು. ಆದರೆ ಅವರು ಬರೆದದ್ದೇ ಬೇರೆ. ವೈರಸ್ ದಾಳಿಯಿಂದ ಕಿವಿಯ ನರಕ್ಕೆ ತೊಂದರೆಯಾಗಿದೆ ಎಂದು ವೈದ್ಯರು ಹೇಳಿದ್ದಾಗಿ ಅವರು ತಿಳಿಸಿದ್ದರು. ಜೋರು ಸಂಗೀತ ಮತ್ತು ಹೆಡ್‌ಫೋನ್ ಬಗ್ಗೆ ಹುಷಾರಾಗಿರಿ ಎಂದು ಅದರ ಜೊತೆಗೆ ಕಿವಿಮಾತು ಹೇಳಿದ್ದರು. ಎರಡು ಮಾತು ಸೇರಿ ಒಂದಾಗಿಬಿಟ್ಟವು.

ಹಾಗಾದರೆ ಹೆಡ್‌ಫೋನ್ ಭಯ ಸುಳ್ಳೇ? ಅಲ್ಲ.

ಕಿವಿಯೊಳಗೆ ಏನಾಗುತ್ತದೆ?

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ. ಶಬ್ದದ ಕಂಪನವನ್ನು ಮಿದುಳಿಗೆ ಅರ್ಥವಾಗುವ ಸಂಕೇತವಾಗಿ ಬದಲಿಸುವುದು ಇವೇ. ಜೋರು ಶಬ್ದ ಹೆಚ್ಚು ಹೊತ್ತು ಬಿದ್ದರೆ ಇವು ದಣಿಯುತ್ತವೆ, ಕೊನೆಗೆ ಸಾಯುತ್ತವೆ. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಬೆಳೆಯುತ್ತವೆ, ಮನುಷ್ಯರಲ್ಲಿ ಬೆಳೆಯುವುದಿಲ್ಲ.

ಮೊದಲು ಹೋಗುವುದು ಕೀಚಲು ಸ್ವರಗಳನ್ನು ಕೇಳುವ ಶಕ್ತಿ. ‘ಸ’, ‘ಶ’ದಂತಹ ಅಕ್ಷರಗಳು ಮಸುಕಾಗುತ್ತವೆ. ಮಾತು ಕೇಳಿಸುತ್ತದೆ, ಆದರೆ ಗದ್ದಲದ ನಡುವೆ ಏನು ಹೇಳಿದರೆಂದು ತಿಳಿಯುವುದಿಲ್ಲ. ನೋವಿಲ್ಲದ ಕಾರಣ ಇದು ಬಹುಕಾಲ ಗಮನಕ್ಕೇ ಬರುವುದಿಲ್ಲ.

ಎಷ್ಟು ಜೋರು, ಎಷ್ಟು ಹೊತ್ತು?

ತಪ್ಪು ಹೆಡ್‌ಫೋನಿನದಲ್ಲ. ಲೆಕ್ಕಕ್ಕೆ ಬರುವುದು ಶಬ್ದದ ಪ್ರಮಾಣ ಮತ್ತು ಕೇಳುವ ಅವಧಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್‌ ಆದರೆ ವಾರಕ್ಕೆ ನಾಲ್ಕೇ ಗಂಟೆ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚುವುದೇ ಇದಕ್ಕೆ ಕಾರಣ. ವಾಲ್ಯೂಮ್ ಪೂರ್ತಿ ಏರಿಸಿದರೆ ಅನೇಕ ಫೋನ್‌ಗಳು 100 ಡೆಸಿಬಲ್ ದಾಟಬಲ್ಲವು. 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಜನ ಇಂತಹ ಅಪಾಯದಲ್ಲಿದ್ದಾರೆ ಎಂಬುದು ಇದೇ ಸಂಸ್ಥೆಯ ಅಂದಾಜು.

ಬಸ್ಸಿನಲ್ಲಿ ಕೂತಾಗ ನಾವು ಎಡವುವುದು ಇಲ್ಲೇ. ಎಂಜಿನ್ ಸದ್ದು, ಹಾರ್ನ್ ಮೀರಿ ಹಾಡು ಕೇಳಬೇಕೆಂದು ವಾಲ್ಯೂಮ್ ಏರಿಸುತ್ತೇವೆ, ಇಳಿದ ಮೇಲೆ ಕಡಿಮೆ ಮಾಡಲು ಮರೆಯುತ್ತೇವೆ.

ಏನು ಮಾಡಬಹುದು?

ವಾಲ್ಯೂಮ್ 60 ಶೇಕಡಾ ದಾಟದಿರಲಿ. ನಡುನಡುವೆ ಕಿವಿಗೆ ಬಿಡುವು ಕೊಡಿ. ಗದ್ದಲದಲ್ಲಿ ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಇದ್ದರೆ ವಾಲ್ಯೂಮ್ ಏರಿಸುವ ಅಗತ್ಯ ಕಡಿಮೆ. ಆದರೆ ರಸ್ತೆ ದಾಟುವಾಗ ಅದನ್ನು ತೆಗೆಯಿರಿ. ಹಾಡು ನಿಲ್ಲಿಸಿದ ಮೇಲೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅದು ಕಿವಿ ಕೊಡುವ ಎಚ್ಚರಿಕೆ.

ಒಂದು ದಿನ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಿದ್ದರೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ. ಎಣ್ಣೆ ಒಳಕಿವಿಯನ್ನು ತಲುಪುವುದೇ ಇಲ್ಲ. ಇಂತಹ ಕೆಲವು ಪ್ರಕರಣಗಳಲ್ಲಿ ಮೊದಲ ಕೆಲವು ದಿನಗಳಲ್ಲೇ ಚಿಕಿತ್ಸೆ ಶುರುವಾದರೆ ಶ್ರವಣಶಕ್ತಿ ಮರಳುವ ಸಾಧ್ಯತೆ ಹೆಚ್ಚು. ಕೂಡಲೇ ಇಎನ್‌ಟಿ ವೈದ್ಯರನ್ನು ಕಾಣಿ. ನಿಧಾನವಾಗಿ ಮಂದವಾಗುತ್ತಿದೆ ಎನಿಸಿದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಸೌಲಭ್ಯವಿದೆ.

ಫಾರ್ವರ್ಡ್ ಮಾಡುವುದಾದರೆ ಇದಿಷ್ಟು ಮಾಡಿ: ಹೆಡ್‌ಫೋನ್ ಬಿಸಾಡಬೇಕಿಲ್ಲ, ವಾಲ್ಯೂಮ್ ಇಳಿಸಿದರೆ ಸಾಕು.